ಬ್ಯಾಂಕಾಕ್, ಸಿಂಗಾಪುರದಿಂದ ಹುಬ್ಬಳ್ಳಿಗೆ: ಏನ್ ತರಬಹುದು, ಏನ್ ತಂದ್ರ ತ್ರಾಸು?

ವಿದ್ಯಾನಗರದವ್ರು (ಪ್ರಶ್ನೆ)

ನಮಸ್ಕಾರ್ರೀ ಎಲ್ಲಾರಿಗೂ. ದಸರಾ ಸೂಟಿಗೆ ನಾಕು ಮಂದಿ ಹೊಂಟೀವಿ. ನಾವಿಬ್ರು, ಮಗ (19), ಮಗಳು (12). ಬೆಂಗಳೂರಿಂದ ಬ್ಯಾಂಕಾಕ್, ನಾಕು ರಾತ್ರಿ. ಅಲ್ಲಿಂದ ಸಿಂಗಾಪುರ, ಮೂರು ರಾತ್ರಿ. ಅಲ್ಲಿಂದ ಸೀದಾ ಬೆಂಗಳೂರು, ಆಮ್ಯಾಲೆ ಹುಬ್ಬಳ್ಳಿ. ವಿಮಾನದಾಗ ಒಬ್ಬೊಬ್ಬರಿಗೆ 20 ಕೆಜಿ, ಕೈಚೀಲ 7 ಕೆಜಿ ಅಂತ ಟಿಕೇಟಿನಾಗ ಐತಿ. ಬೆಂಗಳೂರಿಂದ ಊರಿಗೆ ವಿಮಾನನೋ ರೈಲೋ ಇನ್ನೂ ಠರಾಸಿಲ್ಲ.

ತರಬೇಕು ಅಂತ ಮಾಡಿರೋದು: ಓಣಿ, ಬೀಗರು, ಆಫೀಸು ಎಲ್ಲಾ ಸೇರಿ 25 ಮನಿಗೆ ಸಣ್ಣ ಸಾಮಾನು, ಶೋಕೇಸಿಗೆ ಒಂದು ಬುದ್ಧನ ಮೂರ್ತಿ, ಒಂದು ಕಟಗಿ ಆನಿ, ಒಂದೂವರಿ ಫೂಟಿನಷ್ಟು, ಥಾಯ್ ರೇಷ್ಮಿ, ಚಾಕ್ಲೇಟು, ಮಗನಿಗೆ ಸಿಂಗಾಪುರದಾಗ ಒಂದು ಫೋನು, ಆಂವಗ ಡ್ರೋನ್ ಬ್ಯಾರೆ ಬೇಕಂತ. ನಮ್ಮನಿಯಾಕಿ ಒಂದು ಬಂಗಾರದ ಸರದ ಮ್ಯಾಲೆ ಕಣ್ಣಿಟ್ಟಾಳ. ಸಿಂಗಾಪುರದಾಗ ನಾದಿನಿ ಮನಿ ಐತಿ, ಇಲ್ಲಿಂದ ಅವ್ರಿಗೆ ಅಂಟಿನುಂಡಿ ಒಯ್ಯೋದೈತಿ.

ಕಸ್ಟಮ್ಸ್‌ನಾಗ ಎಷ್ಟರ ಮಟ್ಟ ನಡೀತೈತಿ, ಎಲ್ಲಿ ಕೊಂಡ್ರ ಛಲೋ, ಹೆಂಗ ಕಟ್ಟಿ ತರಬೇಕು, ತಿಳಿದವ್ರು ಹೇಳ್ರಿ.

ಹಸಿರು ದಾರಿ

ನೀವು ಕೇಳಿದ ಕ್ರಮದಲ್ಲಿ ಹೇಳಿದರೆ ಗೊಂದಲವಾದೀತು. ದಾರಿಯ ಕ್ರಮದಲ್ಲಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತೊಂದರೆ ಇರುವುದೇ ಮಧ್ಯದಲ್ಲಿ. ಬ್ಯಾಂಕಾಕ್‌ನಲ್ಲಿ ಕೊಂಡದ್ದೆಲ್ಲ ಬೆಂಗಳೂರಿಗೆ ಬರುವ ಮುಂಚೆ ಸಿಂಗಾಪುರದ ಗಡಿ ದಾಟಬೇಕು. ಅಲ್ಲಿನ ಕಾಯ್ದೆ ನಮ್ಮದಕ್ಕಿಂತ ಬಿಗಿ.

ಮೊದಲು ಇಲ್ಲಿಂದ ಹೊರಡುವಾಗ. ಅಂಟಿನುಂಡೆಗೆ ಗಸಗಸೆ ಹಾಕುತ್ತೀರಾ? ಹಾಕುವುದಾದರೆ ಈ ಸಲ ಬೇಡ. ಸಿಂಗಾಪುರದಲ್ಲಿ ಗಸಗಸೆ ನಿಷಿದ್ಧ, ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಕರದಂಟು ಕೊಂಡರೂ ಡಬ್ಬಿಯ ಹಿಂದಿನ ಪಟ್ಟಿ ಓದಿ. ಗುಟ್ಕಾ, ಜರ್ದಾ, ಅಗಿಯುವ ತಂಬಾಕು ಯಾವುದನ್ನೂ ಒಂದು ಚೀಟಿಯಷ್ಟೂ ಒಯ್ಯುವಂತಿಲ್ಲ. ಕೋಟಿನ ಕಿಸೆಯಲ್ಲಿ ಮರೆತು ಉಳಿದ ಪಾಕೀಟೂ ಲೆಕ್ಕಕ್ಕೆ ಬರುತ್ತದೆ. ಚೂಯಿಂಗ್ ಗಮ್ ಕೂಡ ಬೇಡ.

ಮನೆಯವರು ಹಾಕಿಕೊಂಡು ಹೋಗುವ ಒಡವೆ ಹೆಚ್ಚು ಬೆಲೆಯದಾಗಿದ್ದರೆ ಹೋಗುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ತೋರಿಸಿ ಪ್ರಮಾಣಪತ್ರ ಮಾಡಿಸಿ. ಹಳೆಯ ಬಿಲ್ಲಿನ ಫೋಟೊ ಮೊಬೈಲಿನಲ್ಲಿರಲಿ. ಇಲ್ಲದಿದ್ದರೆ ಬರುವಾಗ "ಇದು ನಮ್ಮದೇ" ಎಂದು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ.

ಬ್ಯಾಂಕಾಕ್‌ನಲ್ಲಿ ಬುದ್ಧನ ಮೂರ್ತಿ ಕೊಳ್ಳಬಹುದು, ದೇಶದ ಹೊರಗೆ ಒಯ್ಯಲು ಮಾತ್ರ ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಹಳೆಯದಕ್ಕೆ ಮಾತ್ರ ಅಂತಲ್ಲ, ನಿನ್ನೆ ಎರಕ ಹೊಯ್ದದ್ದಕ್ಕೂ ಬೇಕು. ಕೊರಳಿಗೆ ಕಟ್ಟುವ ಸಣ್ಣ ತಾಯಿತಕ್ಕೆ ಮಾತ್ರ ವಿನಾಯಿತಿ. ಪರವಾನಗಿಗೆ ಫೋಟೊ, ಅರ್ಜಿ, ಕೆಲವು ದಿನದ ಕಾಯುವಿಕೆ ಎಲ್ಲ ಇದೆ. ನಾಲ್ಕು ರಾತ್ರಿಯ ಪ್ರವಾಸದಲ್ಲಿ ಆಗುವ ಕೆಲಸವಲ್ಲ. ಅಂಗಡಿಯವ "ಏನೂ ಆಗಲ್ಲ" ಎನ್ನುತ್ತಾನೆ. ಆಗುವುದಿದ್ದರೂ ಅವನಿಗೆ ಆಗುವುದಿಲ್ಲವಲ್ಲ. ಬುದ್ಧನೇ ಬೇಕಿದ್ದರೆ ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಒಂದು ಸುತ್ತು ಹೋಗಿಬನ್ನಿ. ಅಲ್ಲಿನ ಟಿಬೆಟನ್ ಕಾಲೊನಿಯ ಅಂಗಡಿಗಳಲ್ಲಿ ಮೂರ್ತಿಯೂ ಸಿಗುತ್ತದೆ, ಥಾಂಕಾ ಎಂಬ ಬಟ್ಟೆಯ ಮೇಲಿನ ಬೌದ್ಧ ಚಿತ್ರವೂ ಸಿಗುತ್ತದೆ.

ಬ್ಯಾಂಕಾಕ್‌ನ ರಾತ್ರಿ ಬಜಾರಿನಲ್ಲಿ ಪಿಸ್ತೂಲಿನ ಆಕಾರದ ಲೈಟರ್, ಬೆರಳಿಗೆ ಹಾಕುವ ಹಿತ್ತಾಳೆ ಪಂಚು, ವೇಪ್ ಪೆನ್ನು (ಇ-ಸಿಗರೇಟ್) ಎಲ್ಲ ಕಣ್ಣಿಗೆ ಬೀಳುತ್ತವೆ. 19ರ ಹುಡುಗನಿಗೆ ಮೊದಲೇ ಹೇಳಿಡಿ. ಮೂರೂ ಸಿಂಗಾಪುರದಲ್ಲಿ ನಿಷಿದ್ಧ. ವೇಪ್ ಅಂತೂ ಥಾಯ್ಲೆಂಡ್‌ನಲ್ಲೇ ಅಕ್ರಮ, ಭಾರತದಲ್ಲೂ 2019ರ ಕಾಯ್ದೆ ಪ್ರಕಾರ ತರುವಂತಿಲ್ಲ. ಇದಕ್ಕಿಂತ ದೊಡ್ಡ ಅಪಾಯ ತಿಂಡಿಯದು. ಥಾಯ್ಲೆಂಡ್ 2022ರಲ್ಲಿ ಗಾಂಜಾ ನಿರ್ಬಂಧ ಸಡಿಲಿಸಿದ ಮೇಲೆ ಅದನ್ನು ಬೆರೆಸಿದ ಬಿಸ್ಕಿಟ್, ಚಹಾ, ಜೆಲ್ಲಿ ಮಿಠಾಯಿ ಅಂಗಡಿಗೆ ಬಂದವು. ಆಮೇಲೆ ಅಲ್ಲಿ ನಿಯಮ ಬಿಗಿಯಾಗಿದ್ದರೂ ಪಾಕೀಟಿನ ಮೇಲೆ ಐದಾರು ಬೆರಳಿನಂಥ ಎಲೆಯ ಚಿತ್ರ ಕಂಡರೆ ಮುಟ್ಟಬೇಡಿ. ಸಿಂಗಾಪುರದಲ್ಲಿ ಅದು ಜೈಲಿನ ಮಾತು.

ಇನ್ನು ಬೆಂಗಳೂರು. 2016ರ ಬ್ಯಾಗೇಜ್ ನಿಯಮದಲ್ಲಿ ಒಬ್ಬರಿಗೆ 50,000 ರೂ. ವಿನಾಯಿತಿ ಇತ್ತು, 2026ರ ಫೆಬ್ರವರಿಯಿಂದ ಅದು 75,000 ರೂ. ನಿಮ್ಮ ಬಟ್ಟೆ, ಬಳಸಿದ ಸ್ವಂತ ಸಾಮಾನು ಇದರಲ್ಲಿ ಸೇರುವುದಿಲ್ಲ, ಹೊಸದಾಗಿ ಕೊಂಡದ್ದು ಸೇರುತ್ತದೆ. ನಾಲ್ವರ ಮಿತಿಯನ್ನು ಕೂಡಿಸಿ ಮೂರು ಲಕ್ಷದ ಒಂದೇ ವಸ್ತು ತರಲು ಬರುವುದಿಲ್ಲ. ಮಿತಿ ಮೀರಿದ ಭಾಗಕ್ಕೆ ಮಾತ್ರ ಸುಂಕ: 35% ಮೂಲ ಸುಂಕ, ಆ ಸುಂಕದ ಮೇಲೆ 10% ಸರ್ಚಾರ್ಜ್, ಒಟ್ಟು 38.5%. ಉದಾಹರಣೆಗೆ ಮಗನ ಫೋನು 1,10,000 ರೂ. ಆದರೆ 35,000ದ ಮೇಲೆ 13,475 ರೂ. ಆ ಫೋನಿನ ಜೊತೆ ಅವನ ಲೆಕ್ಕದಲ್ಲಿ ಬೇರೆ ಏನಿದ್ದರೂ ಅದಕ್ಕೂ ಸುಂಕವೇ. ಆದ್ದರಿಂದ ರೇಷ್ಮೆ, ಆನೆ ಇವುಗಳ ಬಿಲ್ಲು ನಿಮ್ಮ ಮತ್ತು ಮನೆಯವರ ಹೆಸರಿಗೆ ಇರಲಿ. ಬಿಲ್ಲು ಇಲ್ಲದಿದ್ದರೆ ಅಧಿಕಾರಿಯೇ ಬೆಲೆ ಕಟ್ಟುತ್ತಾರೆ, ಅದು ಚೌಕಾಸಿ ಮಾಡಿದ ಬೆಲೆಯಾಗಿರುವುದಿಲ್ಲ.

ಡ್ರೋನ್ ಬೇಡವೇ ಬೇಡ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧವಿದೆ. ಸುಂಕ ಕಟ್ಟುತ್ತೇನೆ ಎಂದರೂ ಬಿಡುವುದಿಲ್ಲ, ವಶಕ್ಕೆ ಹೋಗುತ್ತದೆ.

ಬಂಗಾರ: ಒಡವೆಗೆ ತೂಕದ ಪ್ರಕಾರ ಇರುವ ವಿನಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ವಾಸವಿದ್ದವರಿಗೆ. ವಾರದ ಪ್ರವಾಸಿಗೆ ಅದು ಸಿಗದು. ನಾಣ್ಯ, ಬಿಸ್ಕಿಟ್ ರೂಪದ್ದಕ್ಕೆ ಸಾಮಾನ್ಯ ವಿನಾಯಿತಿಯೂ ಇಲ್ಲ. ಸರ ಕೊಂಡದ್ದೇ ಆದರೆ ಕೆಂಪು ದಾರಿಗೆ, ಅಂದರೆ ಸುಂಕದ ಸಾಮಾನು ಘೋಷಿಸುವವರ ಸಾಲಿಗೆ, ಹೋಗಿ ತೋರಿಸಿ. ಕೊರಳಲ್ಲಿ ಹಾಕಿಕೊಂಡು, ಘೋಷಿಸುವುದೇನೂ ಇಲ್ಲದವರ ಹಸಿರು ದಾರಿಯಲ್ಲಿ ಬರುವ ಉಪಾಯ ಎಲ್ಲರಿಗೂ ಗೊತ್ತಿದೆ, ಅಧಿಕಾರಿಗಳಿಗೂ ಗೊತ್ತಿದೆ. ಮುಂಚೆಯೇ ಘೋಷಣೆ ತುಂಬಲು ಕಸ್ಟಮ್ಸ್‌ನ ಅತಿಥಿ ಆ್ಯಪ್ ಇದೆ.

ಚಿಪ್ಪು, ಹವಳದ ತುಂಡು, ಆಮೆಚಿಪ್ಪಿನ ಬಾಚಣಿಗೆ, ಹಾವು-ಮೊಸಳೆ ಚರ್ಮದ ಪರ್ಸು, ದಂತದ ಮಣಿ: ವನ್ಯಜೀವಿ ಪರವಾನಗಿ ಇಲ್ಲದೆ ಒಂದೂ ಬೇಡ. ಪಟ್ಟಾಯಕ್ಕೆ ಹೋದರೆ ಅಲ್ಲಿನ ಸಮುದ್ರ ದಂಡೆಯಲ್ಲಿ ಮಗಳು ಆರಿಸಿದ ಹವಳದ ಚೂರೂ ಅಲ್ಲೇ ಇರಲಿ. ಆರ್ಕಿಡ್ ಸಸಿ, ಗಡ್ಡೆ, ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಇಲ್ಲಿನ ಆಮದು ಅನುಮತಿ ಬೇಕು. ಕೃಷಿ ವಿಶ್ವವಿದ್ಯಾಲಯವಿರುವ ಅವಳಿನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟಿಕೇಟ್ ಮಾಮಾ, ಕೊಪ್ಪೀಕರ ರೋಡ್

ಕಸ್ಟಮ್ಸ್ ಮಾತು ಮುಗೀತು, ರೊಕ್ಕದ ಮಾತಿಗೆ ಬರೋಣ.

25 ಮನಿ ಸಾಮಾನು ಬ್ಯಾಂಕಾಕ್‌ನಾಗ ತಗೋರಿ, ಸಿಂಗಾಪುರದಾಗಲ್ಲ. ಅದೇ ಕೀಚೈನ್, ಅದೇ ಮ್ಯಾಗ್ನೆಟ್ ಸಿಂಗಾಪುರದಾಗ ಭಾಳ ತುಟ್ಟಿ. ಚತುಚಕ್ ಸಂತಿ ಶನಿವಾರ-ಭಾನುವಾರದ್ದು, ನಿಮ್ಮ ನಾಕು ರಾತ್ರಿಯೊಳಗ ಅದು ಬರೂಹಂಗ ಹೊಂದಿಸ್ರಿ. ಬರಲಿಲ್ಲಂದ್ರ ಪ್ರತುನಾಂ ಕಡೆ ಹೋಗ್ರಿ, ಅಲ್ಲಿ ಬಟ್ಟಿ ಅಂಗಡ್ಯಾಗ ಮೂರು ಪೀಸ್ ತಗೊಂಡ್ರನ ಹೋಲ್‌ಸೇಲ್ ರೇಟು ಹಚ್ತಾರ. ಡಜನ್ ಲೆಕ್ಕದಾಗ ಕೇಳ್ರಿ, ಒಂದೊಂದ ಕೇಳಬ್ಯಾಡ್ರಿ.

ಕೊಳ್ಳೋ ಮೊದಲು ತೂಕ ಹಾಕ್ರಿ. ಮ್ಯಾಗ್ನೆಟ್ ಒಂದು ಸುಮಾರು 40 ಗ್ರಾಂ ಹಿಡೀರಿ, 25 ತಗೊಂಡ್ರ ಒಂದು ಕೆಜಿ ಅಷ್ಟ. ಹಣ್ಣಿನ ಆಕಾರದ ಸಾಬಾನು 100 ಗ್ರಾಂದ್ದು, 25ಕ್ಕ ಎರಡೂವರಿ ಕೆಜಿ. ಪಿಂಗಾಣಿ ಕಪ್ಪು ಒಂದು 350 ಗ್ರಾಂ ಅಂದ್ರೂ 25ಕ್ಕ ಒಂಬತ್ತು ಕೆಜಿ ಹತ್ರ ಹೋತು, ಅದೂ ಒಡೀತದ. ಥಾಯ್ ಮಂದಿ ಮೂಗಿಗೆ ಹಿಡಿಯೋ ಸಣ್ಣ ಕೊಳವಿ, ಯಾದೊಂ ಅಂತಾರ, ಅದು ಎಲ್ಲಕ್ಕಿಂತ ಹಗರು, ಹಿರ್ಯಾರು ಖುಷಿಯಿಂದ ಇಟ್ಕೋತಾರ. ಆನಿ ಚಿತ್ರದ ಹತ್ತಿ ಪಾಯಿಜಾಮಾನೂ ಹಗರು, ಮತ್ತ ಒಡಿಯೋ ಸಾಮಾನು ಸುತ್ತಲಿಕ್ಕೂ ಬರತದ.

ತೆರಿಗಿ ವಾಪಸ್ ಬಗ್ಗೆ ಹೇಳ್ತೀನಿ. ಥಾಯ್ಲೆಂಡ್‌ನಾಗ ವ್ಯಾಟ್ 7%. "ಪ್ರವಾಸಿಗರಿಗೆ ವ್ಯಾಟ್ ವಾಪಸ್" ಅಂತ ಬೋರ್ಡ್ ಇರೋ ಅಂಗಡ್ಯಾಗ ಒಂದ ದಿನ 2,000 ಬಾತ್ ಆಗಬೇಕು, ಅವತ್ತ ಪಾಸ್‌ಪೋರ್ಟ್ ತೋರಿಸಿ ಪಿ.ಪಿ. 10 ಫಾರ್ಮ್ ತಗೋಬೇಕು. ಆದ್ರ ಲೆಕ್ಕ ನೋಡ್ರಿ: 2,000 ಬಾತ್‌ನೊಳಗ ವ್ಯಾಟ್ ಇರೋದ ಸುಮಾರು 130 ಬಾತ್, ಕೈಗೆ ಅದಕಿಂತ ಕಡಿಮಿ ಬರತದ. ಅಷ್ಟಕ್ಕ ಸುವರ್ಣಭೂಮಿ ಏರ್‌ಪೋರ್ಟಿನಾಗ ಪಾಳಿ ಹಚ್ಚೋದು ದಂಡ. ರೇಷ್ಮಿ ದೊಡ್ಡ ಪ್ರಮಾಣದಾಗ ತಗೊಂಡ್ರ ಮಾತ್ರ ಮಾಡ್ರಿ. ಸಂತ್ಯಾಗ ಕೊಂಡದ್ದಕ್ಕ ಹೆಂಗೂ ಈ ಫಾರ್ಮ್ ಸಿಗಂಗಿಲ್ಲ.

ಸಿಂಗಾಪುರದ ಮಾತು ಬ್ಯಾರೆ. 2024ರಿಂದ ಅಲ್ಲಿ ಜಿಎಸ್‌ಟಿ 9%. ತೆರಿಗಿ ವಾಪಸ್ ಯೋಜನೆಯೊಳಗಿರೋ ಅಂಗಡ್ಯಾಗ 100 ಸಿಂಗಾಪುರ ಡಾಲರ್ ಆಗಬೇಕು. ಒಂದ ಅಂಗಡಿದು, ಒಂದ ದಿನದ್ದು ಆದ್ರ ಮೂರು ಬಿಲ್ ತನಕ ಕೂಡಿಸಬಹುದು. ಫೋನಿಗೆ ಇದು ಮಾಡಲೇಬೇಕು. ತಪ್ಪು ಎಲ್ಲಿ ಆಗತದ ಅಂದ್ರ, ಮಂದಿ ಸಾಮಾನು ಸೂಟ್‌ಕೇಸಿನಾಗ ಹಾಕಿ ಬೆಲ್ಟ್ ಮ್ಯಾಲೆ ಕಳಿಸಿಬಿಟ್ಟು ಆಮ್ಯಾಲೆ ತೆರಿಗಿ ವಾಪಸ್ ಯಂತ್ರದ ಕಡೆ ಹೋಗ್ತಾರ. ಚೆಕ್ಇನ್ ಬ್ಯಾಗಿನಾಗ ಹೋಗೋ ಸಾಮಾನಿದ್ರ ಚಾಂಗಿ ಏರ್‌ಪೋರ್ಟಿನೊಳಗ ಚೆಕ್ಇನ್ ಮಾಡೋ ಮೊದಲ ಯಂತ್ರಕ್ಕ ಹೋಗ್ರಿ. ಕೈಯಾಗ ಒಯ್ಯೋದಾದ್ರ ಇಮಿಗ್ರೇಷನ್ ದಾಟಿದ ಮ್ಯಾಲೂ ಆಗತದ. ಯಂತ್ರ "ಸಾಮಾನು ತೋರಿಸ್ರಿ" ಅಂತ ಬರದ್ರ ತೋರಿಸಲಿಕ್ಕ ಸಾಮಾನು ಕೈಯಾಗ ಇರಬೇಕು. ಥಾಯ್ಲೆಂಡ್‌ನಾಗೂ ಹಂಗ, ಕಸ್ಟಮ್ಸ್ ಠಸ್ಸೆ ಬೇಕಾಗೋವಷ್ಟು ದೊಡ್ಡ ಬಿಲ್ ಇದ್ರ ಮೊದಲು ಠಸ್ಸೆ, ಆಮ್ಯಾಲೆ ಚೆಕ್ಇನ್.

ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿದಾಗೋ ಡಾಲರ್‌ದಾಗೋ ಅಂತ ಕೇಳ್ತದ. ಅಲ್ಲಿಯ ದುಡ್ಡು ಒತ್ರಿ. ರೂಪಾಯಿ ಒತ್ತಿದ್ರ ಅಂಗಡಿ ಕಡೆಯ ಬ್ಯಾಂಕ್ ತನ್ನ ರೇಟು ಹಚ್ತದ, ಅದು ಹೆಚ್ಚಾಗಿ ನಮಗ ತುಟ್ಟಿ.

ಇನ್ನೊಂದು, ಬ್ಯಾಂಕಾಕ್‌ನಾಗ ಟುಕ್‌ಟುಕ್‌ನಾಂವ "ಇವತ್ತ ಗುಡಿ ಬಂದ್ ಅದ, ಸರ್ಕಾರದ್ದು ಹರಳಿನ ಮಾರಾಟ ಇವತ್ತ ಕಡೀ ದಿನ" ಅಂದ್ರ ಇಳದು ನಡೀರಿ. ಗುಡಿ ಬಂದ್ ಇರಂಗಿಲ್ಲ. ಹರಳು ಊರಿಗೆ ತಂದು ತೋರಿಸಿದ್ರ ಕೊಟ್ಟ ರೊಕ್ಕದ ಕಾಲು ಭಾಗನೂ ಬಾಳಂಗಿಲ್ಲ.

ಬಂಗಾರ ನೋಡಾಕ ಹೋದ್ರ ಒಂದು ತಿಳ್ಕೋರಿ: ಅಲ್ಲಿ ಬಾತ್ ಅಂದ್ರ ರೊಕ್ಕನೂ ಹೌದು, ತೂಕನೂ ಹೌದು. ಒಡವಿಗೆ ಒಂದು ಬಾತ್ ತೂಕ 15.16 ಗ್ರಾಂ, ಬಂಗಾರ 96.5%. ನಮ್ಮ 22 ಕ್ಯಾರಟ್ 91.6%. ರೇಟು ಹೋಲಿಸುವಾಗ ಇದನ್ನ ಬಿಟ್ಟು ನೋಡಿದ್ರ ಲೆಕ್ಕ ತಪ್ತದ.

ಶಹರ ಬಡಿಗೇರ, ಗದಗ

ಆನಿ ಬಗ್ಗೆ ಯಾರೂ ಹೇಳಲಿಲ್ಲ. ಒಂದೂವರಿ ಫೂಟಿನ ಕಟಗಿ ಆನಿ ಅಲ್ಲಿಂದ ತರೋದು ಸುಲಭ, ಇಲ್ಲಿ ಉಳಿಸ್ಕೊಳ್ಳೋದು ಕಠಿಣ. ಬ್ಯಾಂಕಾಕ್ ಹವಾ ವರ್ಷಪೂರ್ತಿ ತ್ಯಾವ. ನಮ್ಮ ಕಡೆ ದೀಪಾವಳಿ ದಾಟಿದ ಮ್ಯಾಲೆ ಒಣಗಾಳಿ ಶುರು, ಗದಗ ಕಡೆ ಅಂತೂ ಮಾರ್ಚಿನಾಗ ಬಾಗಿಲ ಚೌಕಟ್ಟ ಬಿರಿತಾವ. ಕಟಗಿ ಒಳಗಿನ ತ್ಯಾವ ಜಲ್ದಿ ಹೋದ್ರ ಹೊರಗಿನ ಪದರು ಕುಗ್ಗತೈತಿ, ಒಳಗಿಂದು ಕುಗ್ಗಂಗಿಲ್ಲ, ಆಗ ಎಳಿ ಹಿಡಿದು ಸೀಳತೈತಿ. ಹೆಚ್ಚಾಗಿ ಹೊಟ್ಟಿ ಮ್ಯಾಲೆ, ಇಲ್ಲಾ ಹಿಂಗಾಲ ಕಡೆ.

ಕೊಳ್ಳುವಾಗ ಆನಿ ತಿರುವಿ ಪಾದದ ತಳ ನೋಡ್ರಿ. ಬಣ್ಣ ಹಚ್ಚದ ಜಾಗದಾಗ ಮರದ ಉಂಗುರ ಕಾಣ್ತಾವ. ಉಂಗುರದ ನಡುವಿನ ತಿರುಳು, ಅಂದ್ರ ಚುಕ್ಕಿ, ಆನಿ ಮೈಯೊಳಗ ಬಂದಿದ್ರ ಆ ತುಂಡು ಇವತ್ತಿಲ್ಲ ನಾಳಿ ಬಿರಿತೈತಿ. ಉಂಗುರ ಬರೇ ಬಾಗಿದ ಗೆರಿಯಂಗ ಕಂಡ್ರ ದೊಡ್ಡ ದಿಮ್ಮಿಯ ಬದಿಯಿಂದ ತಗದದ್ದು, ಅದು ತಡಿತೈತಿ. ಅಳತಿಗಿಂತ ಭಾಳ ಜಡ ಅನಿಸಿದ್ರ ಹಸಿ ಕಟಗಿ. ಉಗುರು ಒತ್ತಿದಾಗ ಮೇಣ ಎದ್ದು ಬಂತಂದ್ರ ಆಗ್ಲೇ ಇದ್ದ ಬಿರುಕಿಗೆ ಮೇಣ ತುಂಬ್ಯಾರ. ಬಿಳಿ ಕಟಗಿ ಪಟ್ಟಿ ಇದ್ದದ್ದು ಬ್ಯಾಡ, ಕೊರಕಹುಳ ಮೊದಲು ಅಲ್ಲೇ ಹೊಗತೈತಿ. ಸೂಜಿ ಮೊನಿಯಷ್ಟು ತೂತು, ತೂತಿನ ಕೆಳಗ ಗೋಧಿ ಹಿಟ್ಟಿನಂಥ ಪುಡಿ ಕಂಡ್ರ ಕೆಳಗಿಟ್ಟು ಮುಂದ ನಡೀರಿ.

ಮನಿಗೆ ತಂದ ಮ್ಯಾಲೆ ಸೀದಾ ಶೋಕೇಸಿಗೆ ಇಡಬ್ಯಾಡ್ರಿ. ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಸಡ್ಲಾಗಿ ಕಟ್ರಿ, ಕಪಾಟಿನ ಕೆಳಗಿನ ಖಾನೆದಾಗ ಇಡ್ರಿ. ವಾರಕ್ಕೊಮ್ಮೆ ತಗದು ಒರಿಸಿ ಚೀಲ ಒಳ ಮಗ್ಗಲು ಹೊರಗ ಮಾಡ್ರಿ, ಇಲ್ಲಂದ್ರ ಬೂಷ್ಟು ಬರತೈತಿ. ಎರಡು ತಿಂಗಳು ಹಿಂಗ ಆದ್ರ ತ್ಯಾವ ಸಾವಕಾಶ ಹೋಗತೈತಿ. ಪಾಲಿಶ್ ಇಲ್ಲದ್ದಾದ್ರ ಹಸಿ ಅಗಸಿ ಎಣ್ಣಿ ತೆಳ್ಳಗ ಒಂದು ಕೈ ಹಚ್ರಿ. ಎಣ್ಣಿ ಅರಬಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಅಗಸಿ ಎಣ್ಣಿ ಒಣಗುವಾಗ ಕಾವು ಹುಟ್ಟತೈತಿ, ಬೆಂಕಿ ಹತ್ತಿದ್ದು ಐತಿ, ಹರವಿ ಒಣಗಿಸ್ರಿ. ಫ್ಯಾನ್ ಕೆಳಗ, ಟಿವಿ ಮ್ಯಾಲೆ, ಪಶ್ಚಿಮದ ಕಿಟಕಿ ಮುಂದ ಇಡಬ್ಯಾಡ್ರಿ.

ಹುಳದ ಸಂಶಯ ಇದ್ದ ಸಣ್ಣ ಸಾಮಾನು ಪ್ಲಾಸ್ಟಿಕ್‌ನಾಗ ಗಾಳಿ ಹೋಗಧಂಗ ಸುತ್ತಿ ಡೀಪ್ ಫ್ರೀಜರಿನಾಗ ಎರಡು ವಾರ ಇಡ್ರಿ. ಹೊರಗ ತಗದ ಮ್ಯಾಲೆ ಒಂದು ದಿನ ಚೀಲ ಬಿಚ್ಚಬ್ಯಾಡ್ರಿ, ಬಿಚ್ಚಿದ್ರ ನೀರು ಕೂಡತೈತಿ.

ಖಣ ಮತ್ತು ಪಟ್ಟಿ

ರೇಷ್ಮೆಗೆ ಮಾತ್ರ ಉತ್ತರಿಸುವೆ. ಥಾಯ್ ಸರ್ಕಾರ ರೇಷ್ಮೆಗೆ ನವಿಲಿನ ಮುದ್ರೆ ಕೊಡುತ್ತದೆ. ಬಂಗಾರದ ಬಣ್ಣದ ನವಿಲು ಎಲ್ಲಕ್ಕಿಂತ ಮೇಲಿನದು, ಸ್ಥಳೀಯ ತಳಿಯ ನೂಲು, ಕೈಮಗ್ಗ. ಬೆಳ್ಳಿಯದು ಅದರ ಕೆಳಗೆ. ನೀಲಿ ಎಂದರೆ ಶುದ್ಧ ರೇಷ್ಮೆ, ಕಟ್ಟುನಿಟ್ಟು ಕಡಿಮೆ. ಹಸಿರು ಎಂದರೆ ಬೇರೆ ನೂಲು ಬೆರೆತದ್ದು. ಚತುಚಕ್‌ನಲ್ಲಿ ಅಗ್ಗಕ್ಕೆ ಸಿಗುವ "ಥಾಯ್ ಸಿಲ್ಕ್" ಸ್ಕಾರ್ಫು ಬಹುಪಾಲು ಪಾಲಿಯೆಸ್ಟರ್. ಹಂಚಲಿಕ್ಕೆ ಅದು ಸಾಕು, ರೇಷ್ಮೆ ಎಂದು ಹೇಳಿ ಹಂಚಬೇಡಿ ಅಷ್ಟೇ.

ಇಳಕಲ್ ನೋಡಿದ ಕಣ್ಣಿಗೆ ಪರೀಕ್ಷೆ ಕಷ್ಟವಲ್ಲ. ಕೈಮಗ್ಗದ ಥಾಯ್ ರೇಷ್ಮೆಯ ಹೊಕ್ಕಿನಲ್ಲಿ ಅಲ್ಲಲ್ಲಿ ಗಂಟು, ದಪ್ಪ-ತೆಳು ಇರುತ್ತದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದ್ದರಿಂದ ಬೆಳಕಿಗೆ ತಿರುಗಿಸಿದಾಗ ಬಣ್ಣ ಬದಲಾಗುತ್ತದೆ. ಎಲ್ಲ ಕೋನದಿಂದ ಒಂದೇ ಬಿಳಿ ಹೊಳಪು ಬಂದರೆ ಸಂಶಯಪಡಿ. ಅಂಚಿನ ಒಂದು ಎಳೆ ಕೇಳಿ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ ಬಂದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ನೂಲು. ರವಿಕೆಗೆ ಕೊಳ್ಳುವುದಾದರೆ ಪನ್ನದ ಅಗಲ ಕೇಳಿ ಕೊಳ್ಳಿ. ಒಬ್ಬೊಬ್ಬ ನೇಕಾರರದು ಒಂದೊಂದು ಅಗಲ, ನಮ್ಮ ಲೆಕ್ಕದ ಮೀಟರು ಅಲ್ಲಿ ಸಾಲದೇ ಹೋಗಬಹುದು.

ವಿದ್ಯಾನಗರದವ್ರು

ಎಲ್ಲಾರಿಗೂ ಭಾಳ ಉಪಕಾರ ಆತ್ರೀ. ಡ್ರೋನ್ ರದ್ದು, ಬುದ್ಧ ಮುಂಡಗೋಡದಿಂದ, ಗಸಗಸಿ ಇಲ್ಲದ ಅಂಟಿನುಂಡಿ. ಬಂಗಾರದ ಮಾತು ಮನ್ಯಾಗ ಇನ್ನೂ ನಡದೈತಿ. ಚಾಕ್ಲೇಟು, ಮತ್ತ ಬೆಂಗಳೂರಿಂದ ಹುಬ್ಬಳ್ಳಿ ಬಗ್ಗೆ ಯಾರರ ಹೇಳ್ರಿ. ಮಗಳಿಗೆ ಸಿಂಗಾಪುರದ ಮೆರ್‌ಲಯನ್ (ಸಿಂಹದ ತಲಿ, ಮೀನಿನ ಮೈ) ಇರೋ ನೀರಿನ ಗ್ಲೋಬ್ ಬೇಕಂತ, ಅಲ್ಲಾಡಿಸಿದ್ರ ಮಿಂಚು ಉದರತಾವಲ್ಲ, ಅದು.

ಟಿಕೇಟ್ ಮಾಮಾ, ಕೊಪ್ಪೀಕರ ರೋಡ್

ಆ ಗ್ಲೋಬ್‌ನಾಗ ಇರೋದು ನೀರು. 100 ಮಿಲಿಗಿಂತ ಹೆಚ್ಚಿದ್ರ ಕೈಚೀಲದಾಗ ಬಿಡಂಗಿಲ್ಲ, ಎಷ್ಟು ಮಿಲಿ ಅಂತ ಅದರ ಮ್ಯಾಲೆ ಬರದಿರಂಗಿಲ್ಲ, ಹಿಂಗಾಗಿ ಸಣ್ಣದನ್ನೂ ಕೆಲವೊಮ್ಮೆ ತಡೀತಾರ. ಚೆಕ್ಇನ್ ಬ್ಯಾಗಿಗೇ ಹಾಕ್ರಿ. ಒಂದು ಕಾಲುಚೀಲದಾಗ ತುರುಕಿ, ಜಿಪ್ ಇರೋ ಪ್ಲಾಸ್ಟಿಕ್ ಚೀಲದಾಗ ಹಾಕಿ, ಸೂಟ್‌ಕೇಸಿನ ನಟ್ಟನಡುವ, ಎಲ್ಲಾ ಕಡೆ ನಾಕು ಬೆರಳು ಬಟ್ಟಿ ಇರೂಹಂಗ ಇಡ್ರಿ. ಒಡಿಯೋದು ಬ್ಯಾಗ್ ಬಿದ್ದಾಗಲ್ಲ, ಬಿದ್ದ ಪೆಟ್ಟು ಸೀದಾ ಸಾಮಾನಿಗೆ ಮುಟ್ಟಿದಾಗ. ಕಾಯಾ ಜಾಮ್ (ತೆಂಗಿನ ಹಾಲು, ತತ್ತಿ ಹಾಕಿ ಮಾಡಿದ್ದು) ತಗೊಂಡ್ರ ಅದೂ ಹಂಗ, ಜಾಮ್‌ಗೂ ನೀರಿನ ಕಾಯ್ದೇನ. ಪವರ್‌ಬ್ಯಾಂಕ್ ಮಾತ್ರ ಉಲ್ಟಾ, ಕೈಚೀಲದಾಗ ಇರಬೇಕು, 100 ವಾಟ್-ಅವರ್ ಒಳಗ. 20,000 ಎಂಎಎಚ್ ಅಂದ್ರ 3.7 ವೋಲ್ಟ್ ಲೆಕ್ಕದಾಗ 74, ನಡೀತದ. 30,000ದ್ದು 111 ಆಗತದ, ತಗೋಬ್ಯಾಡ್ರಿ.

ಸಾಬಾನು ಮತ್ತ ಚಾಕ್ಲೇಟು ಒಂದ ಬ್ಯಾಗಿನಾಗ ಇಡಬ್ಯಾಡ್ರಿ. ಕೊಬ್ಬು ವಾಸನಿ ಹೀರತದ, ಮನಿಗೆ ಬಂದ ಮ್ಯಾಲೆ ಚಾಕ್ಲೇಟ್ ತಿಂದ್ರ ಲಿಂಬು ಸಾಬಾನು ತಿಂದಂಗ. ಚಾಕ್ಲೇಟು ಸಿಂಗಾಪುರದ ಕಡೀ ದಿನ ಕೊಂಡ್ರ ಸಾಕು, ಮುಸ್ತಫಾ ಸೆಂಟರ್‌ದಾಗ ಕೆಜಿಗಟ್ಟಲೆ ಸಿಗತದ. ಕೋಕೋ ಬೆಣ್ಣಿ ಸುಮಾರು 34 ಡಿಗ್ರಿಗೆ ಕರಗತದ. ವಿಮಾನದ ಹೊಟ್ಟ್ಯಾಗ ಏನಾಗಂಗಿಲ್ಲ, ಕರಗೋದು ಬಿಸಲಾಗ ನಿಂತ ಟ್ಯಾಕ್ಸಿ ಡಿಕ್ಕಿಯೊಳಗ. ಕರಗಿ ಮತ್ತ ಗಟ್ಟಿಯಾದದ್ದರ ಮ್ಯಾಲೆ ಬೆಳ್ಳಗ ಬೂದಿಯಂಗ ಕಂಡ್ರ ಕೆಟ್ಟಿಲ್ಲ, ಕೊಬ್ಬು ಮ್ಯಾಲೆ ಬಂದದ್ದಷ್ಟ. ತಿನ್ನಾಕ ಬರತದ, ಬೀಗರಿಗೆ ಕೊಡಾಕ ಬರಂಗಿಲ್ಲ.

ಊರಿಗೆ ರೈಲಿಗೇ ಬರ್ರಿ. ಹುಬ್ಬಳ್ಳಿ ವಿಮಾನಕ್ಕ ಬ್ಯಾರೆ ಟಿಕೇಟ್ ತಗದ್ರ ಸಾಮಾನ್ಯವಾಗಿ 15 ಕೆಜಿ ಅಷ್ಟ ಬಿಡ್ತಾರ. ಸಿಂಗಾಪುರದಿಂದ 20 ತಂದ್ರ ನಾಕು ಮಂದಿದು 20 ಕೆಜಿ ಹೆಚ್ಚಾತು, ಅದಕ್ಕ ಕೆಜಿ ಲೆಕ್ಕದಾಗ ರೊಕ್ಕ. ಒಂದ ಟಿಕೇಟಿನಾಗ ಇದ್ರ ಸಿಂಗಾಪುರದ ಲೆಕ್ಕನ ಕಡೀತನ ನಡೀತದ, ಆದ್ರೂ ಬೆಂಗಳೂರಾಗ ಬ್ಯಾಗ್ ಬೆಲ್ಟಿನಿಂದ ಇಳಿಸ್ಕೊಂಡು ಕಸ್ಟಮ್ಸ್ ದಾಟಿ ಮತ್ತ ಕೊಡಬೇಕು. ನಡುವ ಮೂರು ತಾಸು ಬಿಡ್ರಿ. ರೈಲಿನಾಗ ಎಸಿ ಚೇರ್ ಕಾರಿಗೆ ಒಬ್ಬರಿಗೆ 40 ಕೆಜಿ. ವಂದೇ ಭಾರತ್‌ದಾಗ ಮ್ಯಾಲಿನ ಹಲಗಿ ಅಗಲ ಕಡಿಮಿ, ದೊಡ್ಡ ಸೂಟ್‌ಕೇಸ್ ಕೂಡಂಗಿಲ್ಲ. ಆನಿ ಇರೋ ಬ್ಯಾಗ್ ಸಣ್ಣದು ಮಾಡಿ ಕಾಲ ಹತ್ರ ಇಟ್ಕೋರಿ, ಸೊಂಡಿ ಮ್ಯಾಲ್ಮುಖ ಇರಲಿ. ಆನಿದಾಗ ಮೊದಲು ಮುರಿಯೋದು ಸೊಂಡಿ, ಆಮ್ಯಾಲೆ ಕಟಗಿ ದಂತ. ಎರಡಕ್ಕೂ ಬ್ಯಾರೆ ಬ್ಯಾರೆ ಪೇಪರ್ ಸುತ್ತಿ, ನಡುವಿನ ಖಾಲಿ ಜಾಗಕ್ಕ ಆ ಪಾಯಿಜಾಮಾ ತುರುಕ್ರಿ.

ಶಹರ ಬಡಿಗೇರ, ಗದಗ

ದಂತ ಬ್ಯಾರೆ ತುಂಡು ಮಾಡಿ ಸಿಕ್ಕಿಸಿದ್ದಾದ್ರ ಕೊಳ್ಳುವಾಗ್ಲೇ ಅಲ್ಲಾಡಿಸಿ ನೋಡ್ರಿ, ಸಡ್ಲಿದ್ರ ತಗದು ಬ್ಯಾರೆ ಚೀಟ್ಯಾಗ ಸುತ್ತಿ ತರ್ರಿ, ಊರಾಗ ಫೆವಿಕಾಲ್ ಹಚ್ಚಿದ್ರಾತು.